ಬೇಲಿ ತೆಗೆಯದ ಈರಕ್ಕ

ಹಿರೇನಲ್ಲೂರಿನ ಆಚೆಗೊಂದು ಸಣ್ಣ ಊರು. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಪ್ರಾಥಮಿಕ ಶಾಲೆಯ ಹಿಂದಿನ ತೋಟದ ಬಾಯಲ್ಲಿ ನಿಂತು ಈರಕ್ಕ ಉಣಗೋಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡುತ್ತಿದ್ದಾರೆ. ಬೇಲಿಗೆ ಬಾಗಿಲಿನ ಬದಲು ಅಡ್ಡ ಹಾಕಿರುವ ಈ ಮರದ ಕೋಲುಗಳೇ ಇಂದು ಇಡೀ ತೋಟಕ್ಕೆ ಕಾವಲು. ಊರೊಳಗಿಂದ ದನದ ಗಂಟೆಯ ಸದ್ದು ಕೇಳಿಸುತ್ತಿದೆ.

"ಬರ್ಲಿ ಬಿಡಿ, ನಾನೇನು ಓಡೋಗಲ್ಲ" ಎಂದು ಪತ್ರಿಕೆಗೆ ಬರೆಯಲು ಬಂದ ನನಗೆ ಹೇಳಿ ಈರಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸುತ್ತಾರೆ.

ಈ ಸೀಮೆಯಲ್ಲೊಂದು ಪದ್ಧತಿಯಿದೆ. ಸುಗ್ಗಿ ಮುಗಿದು ಕಣದ ಕೆಲಸ ತೀರಿತೆಂದರೆ ಎಲ್ಲರೂ ಬೇಲಿ ತೆಗೆಯಬೇಕು. ಮತ್ತೆ ಮಳೆ ಬೀಳುವವರೆಗೆ ಊರ ದನ ಯಾರ ಹೊಲದಲ್ಲಾದರೂ ಮೇಯಬಹುದು. ಪದ್ಧತಿ ಕೆಟ್ಟದ್ದೆಂದು ನಾನು ಹೇಳುವುದಿಲ್ಲ, ಬೇಸಿಗೆಯಲ್ಲಿ ದನವೂ ಬದುಕಬೇಡವೇ? ಆದರೆ ಅದನ್ನು ಮಾಡಿಟ್ಟ ಹಿರಿಯರು ಶಾಲೆಯನ್ನೇ ಕಂಡವರಲ್ಲ, ಶಾಲೆಯ ತೋಟವನ್ನು ಎಲ್ಲಿಂದ ಕಂಡಾರು?

ಈರಕ್ಕ ಇಲ್ಲಿ ಕಸ ಗುಡಿಸಿ, ಕುಡಿಯುವ ನೀರು ಸೇದಿಡುವಾಕೆ. ಹುಟ್ಟಿದ್ದು ಕುರಿ ಕಾಯುವ ಮನೆಯಲ್ಲಿ. ಎರಡು ವರ್ಷದ ಹಿಂದೆ, ಐವತ್ತೊಂಬತ್ತನೇ ಇಸವಿಯಲ್ಲಿ, ಬ್ಲಾಕ್ ಆಫೀಸಿನವರು ಶಾಲೆಗೊಂದು ತೋಟವಿರಲಿ ಎಂದು ಹೇಳಿ ಹೋದರು. ಹೇಳಿದವರು ಮತ್ತೆ ಇತ್ತ ತಲೆ ಹಾಕಲಿಲ್ಲ. ಷಡಕ್ಷರಿ ಮೇಷ್ಟ್ರು ನೆಲದ ಮೇಲೆ ಸುಣ್ಣದಲ್ಲಿ ಗೆರೆ ಎಳೆದು ಒಂದೊಂದು ಮಗುವಿಗೆ ಒಂದೊಂದು ಪಾತಿ ಎಂದರು. ನೆಲವೋ ಕಲ್ಲಿನಂಥದು. ಈರಕ್ಕ ತಮ್ಮ ಲಕ್ಕಣ್ಣನನ್ನು ಕರೆಸಿ, ರಜೆಯಲ್ಲಿ ಅವನ ಕುರಿಮಂದೆಯನ್ನು ಶಾಲೆಯ ಹಿತ್ತಲಲ್ಲೇ ತರುಬಿಸಿದರು. ಗೊಬ್ಬರವೇನೋ ಆಯಿತು, ಊರು ಸುಮ್ಮನಿದ್ದೀತೇ?

"ಇಸ್ಕೂಲ್ನ ಕುರಿಹಟ್ಟಿ ಮಾಡ್ಬಿಟ್ಲು ಅಂದ್ರು. ಕುರಿ ಕಾಯೋಳಿಗೆ ತ್ವಾಟ ಏನು ಗೊತ್ತು ಅಂದ್ರು. ಅನ್ಲಿ ಕಣ್ರೀ, ಅಂದೋರ ಮನೆಯಿಂದ್ಲೇ ಬೀಜ ತರ್ಸಿದೆ."

ಹೌದು, ಹೀರೆ, ಬದನೆ, ಮೆಣಸು ಎಲ್ಲವೂ ಮಕ್ಕಳು ಅಮ್ಮಂದಿರನ್ನು ಕಾಡಿ ತಂದ ಬೀಜ. ಮೊದಲೆಲ್ಲ ಮಕ್ಕಳು ಉಗುಳು ಹಚ್ಚಿ ಸ್ಲೇಟು ಒರೆಸುತ್ತಿದ್ದರು. ಈಗ ಪಾತಿಯ ಮುಂದೆ ಕುಳಿತು ನೀರಿನಲ್ಲಿ ತೊಳೆಯುತ್ತಾರೆ. ಕೂಡಿ ಕಳೆದ ಲೆಕ್ಕವೆಲ್ಲ ಬದನೆಯ ಬುಡಕ್ಕೆ.

ಆದರೆ ಮೊದಲ ವರ್ಷ ಈರಕ್ಕ ಎಡವಿದರು. ಮುಳ್ಳು ಸಿಗಲಿಲ್ಲವೆಂದು ಜೋಳದ ದಂಟಿನಲ್ಲಿ ಚೆಂದದ ಬೇಲಿ ಕಟ್ಟಿದರು. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆ ನಮಗೆಲ್ಲ ಗೊತ್ತು. ಇಲ್ಲಿ ದನ ಮೊದಲು ಬೇಲಿಯನ್ನು ಮೇಯ್ದು, ಆಮೇಲೆ ಒಳಗೆ ಬಂದು ತೋಟ ಮೇಯ್ದವು. ಬೆಳಗ್ಗೆ ಬಂದ ಮಕ್ಕಳು ಬರಿ ಪಾತಿಗಳ ಮುಂದೆ ನಿಂತು ಅತ್ತರು.

"ನಗ್ರಿ, ನಂಗೂ ನಗು ಬತ್ತೈತೆ. ಅವತ್ತು ಮಾತ್ರ ಬರ್ಲಿಲ್ಲ. ಹೊಟ್ಟೆ ಉರ್ದೋಯ್ತು."

ಮುಂಗಾರಿಗೆ ಈರಕ್ಕ ಸುತ್ತಲೂ ಕಳ್ಳಿ ಕಡ್ಡಿ ನೆಟ್ಟರು. ಹಾಲು ಕಣ್ಣಿಗೆ ಸಿಡಿದೀತೆಂದು ಮಕ್ಕಳನ್ನು ದೂರವಿಟ್ಟು ಎಲ್ಲವನ್ನೂ ತಾವೇ ಊರಿದರು. ಕಳ್ಳಿಗೆ ದನ ಬಾಯಿ ಹಾಕುವುದಿಲ್ಲ. ಉಳಿದದ್ದು ಈ ಉಣಗೋಲಿನ ಬಾಯಿಯೊಂದೇ. ಬೇಲಿ ತೆಗೆಯಬೇಕೆಂದು ನಿನ್ನೆ ಊರಲ್ಲಿ ಡಂಗುರ ಸಾರಿಸಿದ್ದಾರೆ. ಪಟೇಲ ದೇವೀರಪ್ಪನವರು ಈಗ ದನದ ಹಿಂದೆ ತಾವೇ ಬಂದಿದ್ದಾರೆ.

"ಏನಮ್ಮ ಈರಿ, ಸುಗ್ಗಿ ಮುಗೀಲಿಲ್ವಾ? ಕೋಲು ತೆಗಿ."

"ದನಕ್ಕೆ ಮುಗೀತು ಗೌಡ್ರೆ. ಮಕ್ಳಿಗೆ ಪರೀಕ್ಷೆ ಮುಗಿದಿಲ್ಲ."

"ಊರಿಗೊಂದು ಪದ್ಧತಿ, ನಿಂಗೊಂದಾ?"

ಈರಕ್ಕ ಕೋಲಿನ ಮೇಲೆ ಎರಡೂ ಕೈ ಊರುತ್ತಾರೆ. "ನೀವೇ ತೆಗೀರಿ, ನಾ ಅಡ್ಡ ಬರಲ್ಲ. ಈ ಮೊದಲ್ನೇ ಪಾತಿ ನಿಮ್ ಮೊಮ್ಮಗಳು ಮಲ್ಲಿಕಾಂಬಂದು. ಹೀರೆಬೀಜ ನಿಮ್ಮನೇದು. ಮೊದ್ಲು ಅದನ್ನ ಮೇಯ್ಸಿ, ಆಮೇಲೆ ನಮ್ ಕುರುಬರ ಮಕ್ಳ ಪಾತಿಗೆ ಬರ್ಲಿ."

ಪಟೇಲರು ಹೀರೆ ಬಳ್ಳಿ ನೋಡುತ್ತಾರೆ. ಮುಂದಿನ ಹಸು ಉಣಗೋಲಿನ ಮೇಲೆ ಕತ್ತು ಚಾಚಿದೆ. ಅವರು ಏನನ್ನೋ ಗೊಣಗಿ, ಹಸುವಿನ ಮೂತಿಗೊಂದು ಏಟು ಹಾಕಿ, ದನಗಳನ್ನು ಕೆರೆಯ ಕಡೆಗೆ ತಿರುಗಿಸುತ್ತಾರೆ.

"ಗೌಡ್ರ ಮನೆ ಪಾತೀನ ಬೇಕಂತ್ಲೇ ಬಾಗ್ಲಲ್ಲಿ ಇಟ್ರಾ ಈರಕ್ಕ?" ಎಂದು ಕೇಳಿದೆ.

"ದಂಟಿನ ಬೇಲಿ ಒಂದ್ಸಲ ಕಟ್ಟಿದ್ದು ಸಾಲ್ದಾ?" ಎಂದು ನಕ್ಕರು. ಮತ್ತೆ ಉಣಗೋಲುಗಳನ್ನು ಒಂದೊಂದಾಗಿ ಅಲುಗಿಸಿ ನೋಡಿದರು. ನಾಳೆ ಬೇರೆಯವರ ದನ ಬರುತ್ತವೆಂದು ಅವರಿಗೆ ಗೊತ್ತು.

ಪತ್ರಿಕೆಯಲ್ಲಿ ಏನು ಬರೆಯಲಿ ಎಂದದ್ದಕ್ಕೆ ಬಿಂದಿಗೆ ಎತ್ತಿಕೊಳ್ಳುತ್ತಲೇ ಹೇಳಿದರು: "ನನ್ ಹೆಸ್ರು ಬರೀದಿದ್ರೂ ಚಿಂತಿಲ್ಲ. ಊರೆಲ್ಲ ಬೇಲಿ ತೆಗೀತು, ಇಸ್ಕೂಲ್ ತೆಗೀಲಿಲ್ಲ ಅಂತ ಬರೀರಿ."