ಚಿತ್ತಾಕುಲಕ್ಕೆ ಒಂದು ಫೋನು

ಮೊನ್ನೆ ಕಾರವಾರದ ಬಸ್ ನಿಲ್ದಾಣದಲ್ಲಿ ಯಾರದೋ ಜೇಬಿನೊಳಗೆ ಹಳೇ ಕಾಲದ ಟೆಲಿಫೋನು ಟ್ರಿಣ್ ಟ್ರಿಣ್ ಎಂದು ಬಡಿದುಕೊಂಡಿತು. ಈಗಿನ ಹುಡುಗರು ತಮಾಷೆಗೆಂದು ಮೊಬೈಲಿಗೆ ಹಾಕಿಕೊಳ್ಳುವ ಸದ್ದು. ಬೆಂಚಿನ ಮೇಲಿದ್ದ ನಾವು ನಾಲ್ಕಾರು ನರೆತ ತಲೆಗಳು ಮಾತ್ರ ನಮ್ಮನಮ್ಮ ಮನೆಯಲ್ಲೇ ಬಡಿದುಕೊಂಡಿತೆಂಬಂತೆ ಅರ್ಧ ಎದ್ದು, ನಾಚಿ ಕೂತೆವು. ನನಗೆ ನೆನಪಾದದ್ದು ಮನೆಯ ಫೋನಲ್ಲ, ಅಂಕೋಲೆಯಿಂದಾಚೆ ಒಂದು ಗಜನಿಯ ಕಟ್ಟೆಯ ಮೇಲಿದ್ದ ಫೋನು.

ನೀವು ಘಟ್ಟದ ಮೇಲಿನವರಾದರೆ ಗಜನಿ ಎಂದರೇನೆಂದು ಹೇಳಬೇಕು. ಸಮುದ್ರದ ನೀರು ಹಳ್ಳದೊಳಗೆ ಏರಿ ಬಂದಾಗ ಮುಳುಗುವ ತಗ್ಗು ಗದ್ದೆ ಅದು. ಮಳೆಗಾಲದಲ್ಲಿ ಕಟ್ಟೆಯ ಹಲಗೆ ಬಾಗಿಲು ಹಾಕಿ ಉಪ್ಪುನೀರು ತಡೆದರೆ ಭತ್ತ, ಕೊಯ್ಲಾದ ಮೇಲೆ ಬಾಗಿಲು ತೆಗೆದರೆ ಸಿಗಡಿ. ಈಚೆ ಕೇರಿಯ ಒಕ್ಕಲಿಗರಿಗೆ ಬಾಗಿಲು ಆದಷ್ಟು ದಿನ ಮುಚ್ಚಿರಬೇಕು, ಆಚೆ ಕೇರಿಯ ಮೀನುಗಾರರಿಗೆ ಆದಷ್ಟು ಬೇಗ ತೆರೆಯಬೇಕು. ಒಂದು ಬಾಗಿಲು, ಎರಡು ಕೇರಿ, ಅಜ್ಜಂದಿರ ಕಾಲದಿಂದ ಬಂದ ಹೊಡೆದಾಟ.

ಎರಡು ಸಾವಿರದ ಇಸವಿ ಕಳೆದ ಹೊಸತರಲ್ಲಿ ಅಲ್ಲಿಗೆ ವಿದೇಶದ ನೆರವು ಬಂತು. ಜೊತೆಗೆ ಪೀಟರ್ ಎಂಬ ಎತ್ತರದ, ಸದಾ ಬೆವರುವ ಸಾಹೇಬರೊಬ್ಬರು ಬಂದರು. ಅವರ ಮಾತನ್ನು ಕನ್ನಡಕ್ಕೆ ತಿರುಗಿಸಲು ನಾನು. ಕಾರವಾರದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ನನ್ನನ್ನೇ ಆರಿಸಿದ್ದಕ್ಕೆ ಭಾಷಾಪ್ರೌಢಿಮೆ ಕಾರಣವೆಂದು ಬಹಳ ದಿನ ನಂಬಿದ್ದೆ. ಆಮೇಲೆ ತಿಳಿಯಿತು, ಸ್ಟಾಫ್ ರೂಮಿನಲ್ಲಿ ಬಿಸಿಲಿಗೆ ಅಂಜದೆ ಕಟ್ಟೆಯ ಮೇಲೆ ನಡೆಯಲು ಒಪ್ಪಿದವ ನಾನೊಬ್ಬನೇ.

ಮೊದಲ ಸಭೆಯಲ್ಲೇ ನನ್ನ ಪ್ರೌಢಿಮೆ ನೀರುಪಾಲಾಯಿತು. ಪೀಟರ್ ಹೇಳಿದ್ದನ್ನು 'ಮಾನವ ಭದ್ರತೆ' ಎಂದು ಗಂಭೀರವಾಗಿ ತಿರುಗಿಸಿದೆ. ಈಚೆ ಕೇರಿಯ ಹಿರಿಯ ತಿಮ್ಮಣ್ಣ ಕೈಯೆತ್ತಿದ. "ಪೊಲೀಸ್ರನ್ನ ಇಡ್ತ್ರಿ ಅಂತಾ? ಬ್ಯಾಡ್ರಾ ಮಾರಾಯ್ರೆ, ಅವ್ರಿಗೆ ದಿನಾ ಮೀನು ಕೊಡೂಕೆ ಯಾರ ಹತ್ರ ಆತದೆ?"

ಮುಂದಿನದು ಇನ್ನೂ ಕಷ್ಟ. ನೆರೆಯವರು ನೆರೆಯವರನ್ನು ಗುಂಪುಗುಂಪಾಗಿ ಕೊಲ್ಲುವ ಘೋರ ಕೃತ್ಯಕ್ಕೆ ಪೀಟರ್ ಬಳಸಿದ್ದು ಇಂಗ್ಲಿಷಿನ ಎರಡೇ ಶಬ್ದ; ಅದನ್ನು ತಡೆಯುವುದೇ ತಮ್ಮ ಕೆಲಸವೆಂದರು. ನಾನು "ಸಾಮೂಹಿಕ..." ಎಂದು ಶುರುಮಾಡಿ ಮುಂದಿನ ಪದಕ್ಕೆ ತಡಕಾಡಿದೆ. ತಿಮ್ಮಣ್ಣ ಕಾಯಲಿಲ್ಲ. "ಸಾಮೂಹಿಕ ಲಗ್ನವಾ? ನಮ್ಮ ಕೇರೀಲಿ ಎರಡು ಹೆಣ್ಮಕ್ಕಳು ಇದ್ದಾರೆ. ಬರ್ಕಣಿ."

ಸಭೆ ಬಿದ್ದು ಬಿದ್ದು ನಕ್ಕಿತು. ಪೀಟರ್ ಕೂಡ ನಕ್ಕರು, ಯಾಕೆಂದು ಗೊತ್ತಿಲ್ಲದೆ. ಆದರೆ ಸಂಜೆ ಕಾರವಾರದ ಕಡಲ ದಂಡೆಯಲ್ಲಿ ಕೂತಾಗ ಅವರು ಬೇರೆಯೇ ಮನುಷ್ಯ. ಹಿಂದೆ ಕೆಲಸ ಮಾಡಿದ ಯಾವುದೋ ದೂರದ ದೇಶದ ಕತೆ ಹೇಳಿದರು. ಅಲ್ಲೊಂದು ಊರಿಗೆ ಇವರೇ ಬಾವಿ ತೋಡಿಸಿದ್ದರಂತೆ. ಎರಡು ವರ್ಷದ ಮೇಲೆ ಆ ಊರಿನ ಅರ್ಧ ಜನ ಇನ್ನರ್ಧ ಜನರನ್ನು ಆ ಬಾವಿಗೇ ತಂದು ಹಾಕಿದರು. "ನಾವು ಬಾವಿಯ ಆಳ ಅಳೆದಿದ್ದೆವು. ನೀರಿಗೆ ಬಂದವರು ಪರಸ್ಪರ ಮಾತಾಡುತ್ತಿದ್ದರೋ ಇಲ್ಲವೋ ಎಂದು ಯಾರೂ ನೋಡಲಿಲ್ಲ" ಎಂದರು. ಆ ದಿನದಿಂದ ನಾನು ಅವರ ಬೆವರನ್ನು ಅಣಕಿಸುವುದು ಬಿಟ್ಟೆ. ಪೂರ್ತಿ ಬಿಟ್ಟೆ ಎಂದರೆ ಸುಳ್ಳಾದೀತು.

ನೆರವಿನಲ್ಲಿ ಕಟ್ಟೆ ದುರಸ್ತಿಯಾಯಿತು, ಬಾಗಿಲಿಗೆ ಹೊಸ ಹಲಗೆ ಬಂತು, ಎರಡೂ ಕೇರಿಗಳ ನಡುವೆ ಕಟ್ಟೆಯ ಮೇಲೆ ಒಂದು ಶೆಡ್ಡು ಎದ್ದಿತು. ಶೆಡ್ಡಿನೊಳಗೆ ಫೋನು. ತಂತಿಯಿಲ್ಲ, ತಲೆಯ ಮೇಲೊಂದು ಏರಿಯಲ್ಲು, ಗುಂಡಿ ಒತ್ತಿದರೆ ಆ ಕಡೆಯ ಮಾತು ಎಲ್ಲರಿಗೂ ಕೇಳುವ ಸ್ಪೀಕರು. ಗಲಾಟೆಯ ಸುಳಿವು ಸಿಕ್ಕ ಕೂಡಲೇ ಪೊಲೀಸರಿಗೂ ಕಚೇರಿಗೂ ಸುದ್ದಿ ಮುಟ್ಟಿಸಬೇಕೆಂಬುದು ಪೀಟರ್ ಯೋಜನೆ. ನೋಡಿಕೊಳ್ಳಲು ಈಚೆ ಕೇರಿಯಿಂದ ದೇವಮ್ಮ, ಆಚೆ ಕೇರಿಯಿಂದ ಮಂಗಲಾ.

ಫೋನಿನಿಂದ ಯಾವ ಗಲಾಟೆಯ ಸುದ್ದಿಯೂ ಹೋಗಲಿಲ್ಲ. ಎರಡೂ ಕೇರಿಯ ಹೆಂಗಸರು ತಮ್ಮ ತಮ್ಮ ತವರಿಗೆ ಫೋನು ಹಚ್ಚಿದರು. ಅಗಸೂರಿನ ಅಕ್ಕ, ಕಾರವಾರದ ಚಿಕ್ಕಮ್ಮ, ಚಿತ್ತಾಕುಲದ ಅತ್ತಿಗೆ. ಸರತಿಗಾಗಿ ಜಗಳ, ಜಗಳದ ನಡುವೆ ಎಲೆ ಅಡಿಕೆ, ಒಬ್ಬರ ಮನೆಯ ಸಂಗತಿ ಇನ್ನೊಬ್ಬರ ಕಿವಿಗೆ. ದೇವಮ್ಮನಂತೂ ಶೆಡ್ಡಿನ ಬಾಗಿಲಲ್ಲಿ ಕೂತು ಒಂದು ಮಾತನ್ನೂ ಬಿಡದೆ ಕೇಳುತ್ತಿದ್ದಳು. ಪೀಟರ್ ನೊಂದು ಹೇಳಿದರು, "ಇದು ದುರುಪಯೋಗ." ನಾನು ಅದನ್ನು "ಸಾಹೇಬ್ರಿಗೆ ಬಹಳ ಖುಷಿಯಾಗಿದೆ" ಎಂದು ತಿರುಗಿಸಿದೆ. ಆ ಬಿಸಿಲಿನಲ್ಲಿ ಮತ್ತೊಂದು ಜಗಳಕ್ಕೆ ನನ್ನಲ್ಲಿ ತ್ರಾಣವಿರಲಿಲ್ಲ.

ಭತ್ತ ಹಾಲುಗಟ್ಟುವ ಹೊತ್ತಿನಲ್ಲಿ ಒಂದು ಮಧ್ಯಾಹ್ನ ನಾವಿಬ್ಬರೂ ಫೋನಿನ ಸಂಗತಿ ವಿಚಾರಿಸಲೆಂದೇ ಹೋದೆವು. ಶೆಡ್ಡಿನಲ್ಲಿ ದೇವಮ್ಮ ಒಬ್ಬಳೇ. "ಬೆಳಗಿಂದ ಒಂದು ಹೆಂಗ್ಸೂ ಫೋನಿಗೆ ಬರ್ನಿಲ್ಲ, ಮಾಸ್ತರ್ರೇ. ನಂಗೆ ಬೈಯೂಕೂ ಯಾರೂ ಇಲ್ಲ" ಎಂದಳು. ಮುಖ ಬಿಳಿಚಿಕೊಂಡಿತ್ತು.

ಹಿಂದಿನ ರಾತ್ರಿ ಬಾಗಿಲು ಬಿಚ್ಚಿಕೊಂಡು ಗದ್ದೆಗೆ ಉಪ್ಪುನೀರು ನುಗ್ಗಿತ್ತು. ಮಂಗಲಾಳ ತಮ್ಮ ಗಣಪತಿ ಚಹಾದಂಗಡಿಯಲ್ಲಿ "ಬಾಗಿಲು ನಾನೇ ತೆಗೀತೆ" ಎಂದು ಬಡಾಯಿ ಕೊಚ್ಚಿದ್ದ. ಈಗ ಗಣಪತಿಯೇ ಇಲ್ಲ. ಅವನ ಟವೆಲ್ಲು ಮಾತ್ರ ಬಾಗಿಲ ಹತ್ತಿರ ಸಿಕ್ಕಿತ್ತು. ಒಕ್ಕಲಿಗರು ಅವನನ್ನು ಕೊಂದು ಹಳ್ಳಕ್ಕೆ ಎಸೆದಿದ್ದಾರೆಂದು ಆಚೆ ಕೇರಿ, ಬೆಳೆ ಹಾಳುಮಾಡಿ ಓಡಿಹೋಗಿದ್ದಾನೆಂದು ಈಚೆ ಕೇರಿ. ನಾವು ಹೊರಗೆ ನೋಡುವಷ್ಟರಲ್ಲಿ ಕಟ್ಟೆಯ ಆ ತುದಿಯಲ್ಲಿ ದೋಣಿಯ ಹುಟ್ಟು ಹಿಡಿದವರು, ಈ ತುದಿಯಲ್ಲಿ ಕತ್ತಿ ಹಿಡಿದವರು. ಯಾರೂ ಕೂಗುತ್ತಿರಲಿಲ್ಲ. ಬೈಗುಳವಿಲ್ಲದ ಜನರ ಗುಂಪನ್ನು ನಾನು ಅಲ್ಲಿವರೆಗೆ ನೋಡಿರಲಿಲ್ಲ. ಒಂದು ಕಲ್ಲು ಹಾರಿ ಬಂದು ತಿಮ್ಮಣ್ಣನ ಹಣೆ ಒಡೆಯಿತು. ಪೀಟರ್ ನನ್ನ ತೋಳು ಹಿಡಿದರು.

ಪೊಲೀಸರಿಗೆ ಫೋನು ಹಚ್ಚೋಣವೆಂದು ತಿರುಗಿದರೆ ದೇವಮ್ಮ ಆಗಲೇ ಗುಂಡಿ ಒತ್ತುತ್ತಿದ್ದಳು.

"ಯಾರಿಗೆ?"

"ಚಿತ್ತಾಕುಲದ ಕಿರಾಣಿ ಅಂಗ್ಡಿಗೆ. ಗಣಪತಿ ಹೆಂಡ್ತಿ ಸಿಟ್ಟು ಮಾಡ್ಕಂಡು ಅಲ್ಲಿ ತವರಿಗೆ ಹೋಗಿ ಎಂಟು ದಿನಾಯ್ತು. ದಿನಾ ಸಂಜೆ ಇಲ್ಲಿಂದ ಅತ್ಕಂಡು ಕರೀತಿದ್ದ. ಮರ್ಯಾದಿಗೆ ಯಾರಿಗೂ ಹೇಳ್ನಿಲ್ಲ. ನಾ ಕೇಳ್ಸ್ಕಂಡಿದ್ದೆ. ನಿನ್ನೆ ಟವೆಲ್ಲು ಕಟ್ಟೆ ಮೇಲೆ ಬಿಟ್ಟು ಅಲ್ಲಿಗೇ ಹೋಗಿರ್ಬೇಕು."

ಅಂಗಡಿಯವ ಪಕ್ಕದ ಮನೆಗೆ ಕೂಗಿದ. ದೇವಮ್ಮ ಸ್ಪೀಕರಿನ ಗುಂಡಿ ಒತ್ತಿ, ಫೋನನ್ನು ಮಗುವಿನಂತೆ ಎತ್ತಿಕೊಂಡು ಕಟ್ಟೆಯ ಮೇಲೆ ಎರಡು ಗುಂಪಿನ ನಡುವೆ ಹೋಗಿ ನಿಂತಳು. ಆ ಕಡೆಯಿಂದ ಮಂಗಲಾ ಓಡಿ ಬಂದಳು.

"ಹಲೋ?" ಎಂದಿತು ಗಣಪತಿಯ ದನಿ.

"ಏಯ್, ನೀ ಸತ್ತಿ ಅಂತ ಇಲ್ಲಿ ಊರೆಲ್ಲ ಹುಟ್ಟು ಹಿಡ್ಕಂಡು ನಿಂತದೆ!" ಮಂಗಲಾ ಕಿರುಚಿದಳು.

"ನಾನಾ? ನಾ ಚಾ ಕುಡೀತೆ ಇದ್ದೆ ಅಲ್ಲಾ, ಅಕ್ಕ!"

ಹಿಂದಿನಿಂದ ಅವನ ಹೆಂಡತಿಯ ದನಿ ಏರಿತು. ಕೊಂಕಣಿ ಅರ್ಧ, ಕನ್ನಡ ಅರ್ಧ, ಗಂಡನ ಏಳು ತಲೆಮಾರಿನ ಸಮಾಚಾರ. ಹುಟ್ಟು ಹಿಡಿದವನೊಬ್ಬ ಕಿಸಕ್ಕೆಂದ. ಕತ್ತಿ ಹಿಡಿದವನೊಬ್ಬ ನಗು ತಡೆಯಲಾರದೆ ಕೆಮ್ಮಿದ. ಆಮೇಲೆ ಮಂಗಲಾ ತಿಮ್ಮಣ್ಣನ ಹಣೆಗೆ ತನ್ನ ಸೆರಗು ಒತ್ತಿ, ಕಲ್ಲೆಸೆದ ತನ್ನ ಕೇರಿಯವನನ್ನು ಹೆಸರು ಹಿಡಿದು ಬೈಯತೊಡಗಿದಳು. ದೇವಮ್ಮ ಮಂಗಲಾಳನ್ನು ಬೈದಳು. ಕಟ್ಟೆಯ ತುಂಬ ಗದ್ದಲ. ಪೀಟರ್ ಗಾಬರಿಯಿಂದ "ಶುರುವಾಯಿತೇ?" ಎಂದರು. "ಇಲ್ಲ, ಮುಗಿಯಿತು" ಎಂದೆ. ನಾನು ಸರಿಯಾಗಿ ತಿರುಗಿಸಿದ್ದು ಅದೊಂದನ್ನೇ ಇರಬೇಕು.

ನೀರು ಇಳಿದಾಗ ಎರಡೂ ಕೇರಿಯವರು ಬಗ್ಗಿ ನೋಡಿದರು. ಬಾಗಿಲನ್ನು ಯಾರೂ ತೆಗೆದಿರಲಿಲ್ಲ. ನಮ್ಮದೇ ನೆರವಿನ ಹೊಸ ಹಲಗೆ ಮುರಿದಿತ್ತು. ತಗ್ಗಿನ ನಾಲ್ಕು ಗದ್ದೆ ಆ ವರ್ಷ ಕೈಗೆ ಹತ್ತಲಿಲ್ಲ. ತಿಮ್ಮಣ್ಣನ ಹಣೆಯ ಕಲೆ ಕೊನೆಯವರೆಗೂ ಉಳಿಯಿತು. ಪೀಟರ್ ತಮ್ಮ ವರದಿಗೆ ದೇವಮ್ಮನನ್ನೇ ಕೇಳಿದರು, ಅಪಾಯ ಬಂತೆಂದು ನಿನಗೆ ಹೇಗೆ ತಿಳಿಯಿತು?

"ಬೈಕಂತೆ ಇದ್ದವ್ರು ಸುಮ್ನಾಗಿದ್ರಲ್ಲ, ಮತ್ತೆಂತ" ಎಂದಳು. ಮರುತಿಂಗಳು ಬೇರೆ ಹಲಗೆ ಬಂತು. ಫೋನು ಯಾರಿಗೆ ಬೇಕಾದರೂ ಹಚ್ಚಬಹುದೆಂದು ಪೀಟರ್ ತಾವೇ ಬಂದು ಹೇಳಿದರು.

ಇಷ್ಟೆಲ್ಲ ನೆನೆಯುತ್ತ ಮೊನ್ನೆ ನಾನು ಹತ್ತಬೇಕಿದ್ದ ಬಸ್ಸು ಹೋಗಿಬಿಟ್ಟಿತು. ಮನೆಗೆ ಮರಳಿದೆ. ನಮ್ಮ ಮೇಲಿನ ಮನೆಯ ಕಾಮತರೂ ನಾನೂ ಮಾತು ಬಿಟ್ಟು ಮೂರು ವರ್ಷ. ಮೆಟ್ಟಿಲಲ್ಲಿ ಎದುರಾದರೆ ಬಹಳ ಸಭ್ಯರಾಗಿ ಗೋಡೆ ನೋಡುತ್ತೇವೆ. ನೇರ ಮೇಲೆ ಹೋಗಿ ಬಾಗಿಲು ಬಡಿದೆ.

"ನಿಮ್ಮ ಟಾಂಕಿ ತುಂಬಿ ನೀರೆಲ್ಲ ನಾ ಒಣಹಾಕಿದ ಅಂಗಿ ಮೇಲೆ ಬೀಳ್ತದೆ" ಎಂದೆ, ಆದಷ್ಟು ಗಟ್ಟಿಯಾಗಿ.

ಕಾಮತರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅವರ ಮುಖ ನಿಧಾನವಾಗಿ ಕೆಂಪೇರಿ, ಅರಳಿತು. "ನಿಮ್ಮ ಬೆಕ್ಕಿನ ಸುದ್ದಿ ನಾನು ಎತ್ಲಿಲ್ಲ ಅಂತ ನೀವು..." ಎಂದು ಶುರುಮಾಡಿದವರು, ಒಳಗೆ ತಿರುಗಿ "ಎರಡು ಚಾ ಇಡೇ" ಎಂದು ಕೂಗಿದರು, ಮತ್ತೆ ಬೆಕ್ಕಿಗೆ ಬಂದರು. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.