ನೆಜಾತ್ ಬೇ ಹರಿದು ಹಾಕಿದ ಅಧ್ಯಾಯ

ರೆಡೊಂಡೊ ಬೀಚ್ ಎಂಬ ಊರಿನ ನಮ್ಮ ಬೀದಿಯಲ್ಲಿ ಕಸದ ಡಬ್ಬಿಯನ್ನು ರಸ್ತೆಗೆ ತಂದಿಡುವುದಕ್ಕೂ ಟೈ ಕಟ್ಟುತ್ತಿದ್ದವರು ನೆಜಾತ್ ಬೇ ಒಬ್ಬರೇ. ಕೋವಿಡ್ ಬಂದ ವರ್ಷ ಅದು. ನಾವೆಲ್ಲ ಪೈಜಾಮದಲ್ಲೇ ಆಫೀಸು ಮುಗಿಸುತ್ತಿದ್ದೆವು. ಕೇಳಿದರೆ, "ಮೂವತ್ತೈದು ವರ್ಷ ಒಂದು ದೇಶವನ್ನೇ ಮೈಮೇಲೆ ಹಾಕ್ಕೊಂಡು ತಿರುಗಿದವನು ನಾನು. ಈಗ ಬನಿಯನ್‌ನಲ್ಲಿ ನಿಂತ್ರೆ ದೇಶಕ್ಕೇ ಶೀತ ಆಗುತ್ತೆ" ಎನ್ನುತ್ತಿದ್ದರು. ಅವರು ಆಡುತ್ತಿದ್ದುದು ಇಂಗ್ಲಿಷು, ಕನ್ನಡ ನನ್ನದು.

ಟರ್ಕಿಯ ರಾಜತಾಂತ್ರಿಕರಾಗಿ ಹತ್ತಾರು ಊರು ಸುತ್ತಿ, ಪುಟ್ಟ ದೇಶವೊಂದರಲ್ಲಿ ರಾಯಭಾರಿಯಾಗಿದ್ದು ನಿವೃತ್ತರಾದವರು. ನಡುವೆ ಎರಡು ಕಾದಂಬರಿ, ಒಂದು ಪ್ರವಾಸಕಥನ. "ಬೇ" ಎಂದರೆ ಅವರಲ್ಲಿ ನಮ್ಮ "ರಾಯರು" ಇದ್ದ ಹಾಗೆ. ಧಾರವಾಡದ ನನ್ನ ಹೆಂಡತಿ ಬೇಲಿಯಾಚೆಯಿಂದ "ಅಂಕಲ್, ಊಟ ಆತೇನ್ರಿ?" ಎಂದು ಕೂಗುತ್ತಿದ್ದಳು. ಅವರು ಆ ಒಂದು ಮಾತನ್ನು ಕಲಿತು ಬೆಳಗಿನ ಏಳಕ್ಕೂ ಅದನ್ನೇ ಕೇಳುತ್ತಿದ್ದರು.

"ಇವರಿಗೆ ಮೊದಲ ಟೈಮ್ ನೋಡೋದು ಕಲಸ್ರಿ!" ಎಂದು ಅವಳು ನಗುವಳು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದರೆ, "ರಾಯಭಾರಿಗೆ ಊಟಾನೇ ಕೆಲಸ, ಮಗಳೇ. ಹೊತ್ತು ಗೊತ್ತು ಎಲ್ಲಿಂದ ಬಂತು?" ಎನ್ನುವರು.

ಬರೆಯುತ್ತಿದ್ದುದು ಮಸಿ ಪೆನ್ನಿನಲ್ಲಿ. ತಿದ್ದಿದ ಪ್ರತಿ ಸಿದ್ಧವಾದೊಡನೆ ಕರಡನ್ನು ನಾಲ್ಕು ತುಂಡು ಮಾಡುವರು. "ಕಚೇರಿ ಕಲಿಸಿದ ಬುದ್ಧಿ. ಕರಡು ಉಳಿದ್ರೆ ನಿಜ ಎರಡಾಗುತ್ತೆ."

ಟರ್ಕಿಶ್ ಓದಲು ಬಾರದ ಮೊಮ್ಮಗಳಿಗಾಗಿ ಇಂಗ್ಲಿಷಿನಲ್ಲಿ ಆತ್ಮಕಥೆ ಶುರು ಮಾಡಿದ್ದರು. ಒಂದು ಭಾನುವಾರ ಹನ್ನೊಂದು ಹಾಳೆ ತಂದು ಮೇಜಿನ ಮೇಲಿಟ್ಟರು.

"ಓದಿ. ಇದು ಪುಸ್ತಕದಲ್ಲಿ ಇರಬೇಕೋ ಬೇಡವೋ ಹೇಳಿ. ಮಗಳನ್ನ ಕೇಳೋ ಧೈರ್ಯ ನನಗಿಲ್ಲ."

ಹಾಳೆಗಳಲ್ಲಿದ್ದುದು ಅವರು ಟರ್ಕಿಯ ಕಾನ್ಸುಲೇಟಿನಲ್ಲಿ ಹೊಸ ಅಧಿಕಾರಿಯಾಗಿದ್ದ ಕಾಲದ ಮಾತು. ಬೇರೆ ದೇಶದ ಪ್ರಜೆಯಾಗಿದ್ದ ಹೆಂಗಸೊಬ್ಬಳು ಇಸ್ತಾಂಬುಲಿನ ಆಸ್ಪತ್ರೆಯಲ್ಲಿ ಸಾವಿನ ಅಂಚಿನಲ್ಲಿದ್ದ ತಾಯಿಯನ್ನು ನೋಡಲು ವೀಸಾ ಕೇಳಿ ಬಂದಿದ್ದಳು. ಒಂದು ಕಾಗದ ಕಡಿಮೆಯಿತ್ತು. ಸಹಿ ಹಾಕುವ ಅಧಿಕಾರ ಇವರಿಗಿತ್ತು; ಮೇಲಿನವರಿಗೆ ಹೆದರಿ, ಸೋಮವಾರ ಬನ್ನಿ ಎಂದರು. ಸೋಮವಾರ ಅವಳು ಬಂದಳು, ಇನ್ನು ವೀಸಾ ಬೇಡವೆಂದು ಹೇಳಲು. "ನಿಮಗೆ ಸುಮ್ಮನೆ ತೊಂದರೆ ಕೊಟ್ಟೆ" ಎಂದು ಕ್ಷಮೆಯನ್ನೂ ಕೇಳಿ ಹೋದಳು.

ಹಿರಿಯರ ಮನಸ್ಸು ನೋಯಿಸಬಾರದೆಂದು ಕಲಿತು ಬೆಳೆದವನು ನಾನು. "ಬಿಡಿ ಅಂಕಲ್, ನೀವು ರೂಲ್ಸ್ ಪ್ರಕಾರ ಮಾಡಿದ್ರಿ. ಮೊಮ್ಮಗಳಿಗೆ ಇದೆಲ್ಲ ಯಾಕೆ?" ಎಂದೆ.

ಅವರು "ನೀವೂ ಒಳ್ಳೇ ರಾಜತಾಂತ್ರಿಕ ಆಗ್ತಿದ್ರಿ" ಎಂದು ಹಾಳೆಗಳನ್ನು ಅಲ್ಲೇ ನಾಲ್ಕಾಗಿ ಹರಿದರು. ಬೇರೆ ಪ್ರತಿ ಇರಲಿಲ್ಲ. ಅವರಿಗೆ ಬೇಕಾಗಿದ್ದುದು "ಪುಸ್ತಕದಲ್ಲಿ ಇರಲಿ" ಎಂಬ ಒಂದು ಮಾತು ಎಂದು ನನಗೆ ಹೊಳೆಯುವಷ್ಟರಲ್ಲಿ ಆ ಅಧ್ಯಾಯವಿಲ್ಲದೆ ಪುಸ್ತಕ ಅಚ್ಚಾಗಿತ್ತು. ಅವರು ಸ್ಯಾನ್ ಡಿಯೇಗೊ ಕಡೆ, ಫೋರ್ ಎಸ್ ರ್ಯಾಂಚ್ ಎಂಬ ಬಡಾವಣೆಯ ಮಗಳ ಮನೆ ಸೇರಿದ್ದರು. ಎರಡು ಗಂಟೆಯ ದಾರಿ. ಹೋಗೋಣ, ಹೋಗೋಣ ಎನ್ನುತ್ತಲೇ ಕಾಲ ಕಳೆದೆ.

ಕೊನೆಗೆ ಹೋದದ್ದು ಅವರನ್ನು ಮಣ್ಣು ಮಾಡಿದ ಮೇಲೆ. ಮಗಳು ಚಹಾ ಕೊಟ್ಟು ಕೇಳಿದಳು: "ಅಪ್ಪ ಕೊನೇ ವಾರ ಯಾರೋ ಹೆಂಗಸಿನ ಹತ್ರ ಕ್ಷಮೆ ಕೇಳ್ತಾನೇ ಇದ್ರು. ಯಾರಪ್ಪಾ ಅಂದ್ರೆ, ನೀವು ಓದಿದ್ದೀರಿ, ನಿಮಗೆ ಗೊತ್ತು ಅಂದ್ರು."

ನೆನಪಿದ್ದಷ್ಟನ್ನೂ ಹೇಳಿದೆ. ಮೊಮ್ಮಗಳು ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು. ಕೊನೆಯಲ್ಲಿ ಒಂದೇ ಪ್ರಶ್ನೆ: "ಆಕೆಯ ಹೆಸರೇನು?"

ಅಧ್ಯಾಯದ ಮೊದಲ ಸಾಲಿನಲ್ಲೇ ಇತ್ತು. ನನಗೆ ನೆನಪಾಗಲಿಲ್ಲ.