ಎಲ್ಲಿಗೆ ಅಂತ ಕೇಳಬಾರದು

ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಹುಮನಾಬಾದಿನಲ್ಲಿ ಇದು ಸಣ್ಣ ಮಕ್ಕಳಿಗೂ ಗೊತ್ತು. ಕೇಳಲೇಬೇಕು ಅನ್ನಿಸಿದರೆ "ದೂರೇನ್ರಿ?" ಅನ್ನಬೇಕು. ಅದಕ್ಕೆ ಉತ್ತರವೂ ಒಂದೇ: "ಇಲ್ಲೇ." ಸೊಲ್ಲಾಪುರಕ್ಕೆ ಹೊರಟವನೂ ಇಲ್ಲೇ, ಓಣಿಯ ತುದಿಗೆ ಬೀಡಿ ತರಲು ಹೊರಟವನೂ ಇಲ್ಲೇ. ಕೇಳಿದವರಿಗೆ ಏನೂ ತಿಳಿಯುವುದಿಲ್ಲ, ಹೇಳಿದವನು ಏನೂ ಹೇಳಿರುವುದಿಲ್ಲ, ಆದರೂ ಇಬ್ಬರಿಗೂ ಸಮಾಧಾನ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿಯ ಒಂದು ಮೋಟಾರ್ ಪಂಪಿನ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತು ಮಾರುವುದಕ್ಕಿಂತ ಹಳ್ಳಿ ತಿರುಗಿ ಮಾರುವುದೇ ಹೆಚ್ಚು. ಅದಕ್ಕೆ ಲೈನಿಗೆ ಹೋಗುವುದು ಎನ್ನುತ್ತಿದ್ದೆವು. ಒಬ್ಬೊಬ್ಬನಿಗೆ ಒಂದೊಂದು ರಸ್ತೆ. ನನ್ನದು ಗುಲ್ಬರ್ಗಾ ಕಡೆಯ ಹಳ್ಳಿಗಳು. ನನಗೆ ಕೆಲಸ ಕಲಿಸಿದವನದು ಹಳ್ಳಿಖೇಡದ ಲೈನು. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ಅವನನ್ನು ಅಣ್ಣ ಎನ್ನುತ್ತಿದ್ದೆ, ಅವನ ಹೆಂಡತಿಯನ್ನು ವೈನಿ. ಮಾಣಿಕನಗರದ ಅವರ ಮನೆಯಲ್ಲಿ ನಾನು ಉಂಡ ರೊಟ್ಟಿಗೆ ಲೆಕ್ಕವಿಲ್ಲ.

ಲೈನಿಗೆ ಹೋಗುವವರ ಸುರಕ್ಷತೆಯನ್ನು ಅಂಗಡಿಯ ಮಾಲೀಕರಾದ ಸಾವಕಾರರು ಖುದ್ದಾಗಿ ನೋಡಿಕೊಳ್ಳುತ್ತಿದ್ದರು. ಅಮಾವಾಸ್ಯೆಗೊಮ್ಮೆ ಅಂಗಡಿಯ ಮೋಟರ್‌ಸೈಕಲ್ಲುಗಳಿಗೆ ನಿಂಬೆಹಣ್ಣು, ಮೆಣಸಿನಕಾಯಿ. ಹೊರಡುವಾಗ ನಮ್ಮ ಹಣೆಗೆ ವಿಭೂತಿ. ಹೆಡ್‌ಲೈಟು ಮಂಕಾಗಿದೆ ಎಂದರೆ "ಹೊತ್ತು ಮುಳುಗೂದ್ರಾಗ ಬರ್ರಿ, ಲೈಟ್ ಯಾಕ ಬೇಕು?" ಅನ್ನುತ್ತಿದ್ದರು. ಕೆಟ್ಟ ಮನುಷ್ಯರಲ್ಲ. ನಮ್ಮ ಮನೆಯ ಮದುವೆಗಳಿಗೆ ಎಲ್ಲರಿಗಿಂತ ಮೊದಲು ಬಂದು ಪಂಕ್ತಿಯಲ್ಲಿ ಬಡಿಸುತ್ತಿದ್ದರು. ಆದರೆ ದೇವರ ಮೇಲಿದ್ದ ಭರವಸೆಯಲ್ಲಿ ಒಂದು ಪಾಲನ್ನಾದರೂ ಗ್ಯಾರೇಜಿನವನ ಮೇಲೆ ಇಟ್ಟಿದ್ದರೆ ಎಂದು ಈಗಲೂ ನನಗೆ ಸಿಟ್ಟು ಬರುತ್ತದೆ.

ಕಬ್ಬು ನುರಿಸುವ ಕಾಲ ಅದು. ಅಣ್ಣ ಬೆಳಿಗ್ಗೆ ಮನೆಯಿಂದ ಹೊರಟಾಗ ವೈನಿ "ದೂರೇನು?" ಎಂದಳು, ಅವನು "ಇಲ್ಲೇ" ಎಂದ. ಅಂಗಡಿಯಲ್ಲಿ ಸಾವಕಾರರು ವಿಭೂತಿ ಹಚ್ಚುತ್ತ ಅದನ್ನೇ ಕೇಳಿದರು, ಅವನು ಅದನ್ನೇ ಹೇಳಿದ. ಆ ಸಂಜೆ ಅವನು ಬರಲಿಲ್ಲ. ಹಳ್ಳಿಯಲ್ಲಿ ಕೆಲಸ ಮುಗಿಯದಿದ್ದರೆ ರೈತರ ಮನೆಯಲ್ಲೇ ಉಂಡು ಮಲಗುವುದು ನಮಗೆಲ್ಲ ರೂಢಿ. ಯಾರೂ ಹೆದರಲಿಲ್ಲ.

ಮರುದಿನ ಅಂಗಡಿ ತೆರೆಯುವ ಮೊದಲೇ ವೈನಿ ಬಂದು ಕಟ್ಟೆಯ ಮೇಲೆ ಕೂತಿದ್ದಳು.

"ನಿನ್ನಿ ಅವರು ಬರಲಿಲ್ಲ," ಎಂದಳು.

"ಎಲ್ಲಿಗೆ ಹೋಗಿದ್ದ?" ನಾನು ಕೇಳಿದೆ.

"ಇಲ್ಲೇ ಅಂದಾರ."

ಸಾವಕಾರರೂ ಇಲ್ಲೇ ಅಂದರು. ಪಕ್ಕದ ಚಹಾದಂಗಡಿಯವನನ್ನು ಕೇಳಿದರೆ ಅವನಿಗೂ ಇಲ್ಲೇ ಅಂದಿದ್ದ. ಹುಮನಾಬಾದಿನಿಂದ ನಾಲ್ಕು ದಿಕ್ಕಿಗೆ ದೊಡ್ಡ ರಸ್ತೆಗಳು. ಈ ನಾಲ್ಕರಲ್ಲಿ ಇಲ್ಲೇ ಎಂಬುದು ಯಾವುದು? ಅವನ ಲೈನು ಹಳ್ಳಿಖೇಡ, ಹತ್ತಿರದ್ದೂ ಅದೇ, ಕಬ್ಬಿನ ಗಾಡಿಗಳ ಕಾಟವೂ ಆ ಕಡೆಗೇ. ಹೀಗೆ ಲೆಕ್ಕ ಹಾಕಿ ಸಾವಕಾರರು ನಮ್ಮನ್ನೆಲ್ಲ ಅತ್ತ ಅಟ್ಟಿದರು. ಸಕ್ಕರೆ ಕಾರ್ಖಾನೆಯ ಮುಂದೆ ಸಾಲಾಗಿ ನಿಂತ ಟ್ರ್ಯಾಕ್ಟರುಗಳ ಡ್ರೈವರುಗಳನ್ನು ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಅವನ ಗಿರಾಕಿ ರೈತರ ತೋಟಗಳಿಗೆ ಹೋದೆ. ಒಬ್ಬ ಮುದುಕ ನನಗೆ ಮಜ್ಜಿಗೆ ಕೊಟ್ಟು, "ಬರ್ತಾನ ಬಿಡ್ರಿ, ಎಲ್ಲಿ ಹೋಗ್ತಾನ, ಇಲ್ಲೇ ಎಲ್ಲೋ ಇರಬೇಕು," ಎಂದ. ಅವನ ಲೋಟವನ್ನು ನೆಲಕ್ಕೆ ಬಡಿಯಬೇಕು ಅನ್ನಿಸಿತು.

ಅಣ್ಣ ಇದ್ದದ್ದು ತೀರ ಉಲ್ಟಾ ದಿಕ್ಕಿನಲ್ಲಿ, ಬಸವಕಲ್ಯಾಣ ದಾಟಿ ಗೋರ್ಟಾದ ಹಾದಿಯಲ್ಲಿ. ಅಲ್ಲಿಯ ಒಬ್ಬ ರೈತನ ಪಂಪು ನಿಂತುಹೋಗಿತ್ತು, ಬಂದು ನೋಡುತ್ತೇನೆ ಎಂದು ಸಂತೆಯಲ್ಲಿ ಅವನಿಗೆ ಮಾತು ಕೊಟ್ಟಿದ್ದ. ಇದೆಲ್ಲ ನಮಗೆ ತಿಳಿದದ್ದು ಆಮೇಲೆ. ಪಂಪು ಶುರುಮಾಡಿ, ಚಹಾ ಕುಡಿದು, ಮುಸ್ಸಂಜೆಗೆ ತಿರುಗಿ ಹೊರಟಿದ್ದ. ದಾರಿಯಲ್ಲಿ ಯಾರದೋ ಕಬ್ಬಿನ ಟ್ರಾಲಿ ಕೆಟ್ಟು ನಿಂತಿತ್ತು. ಅದರ ಹಿಂದೆ ಅಡ್ಡಲಾಗಿ ಕಲ್ಲಿಟ್ಟಿದ್ದರು. ರಿಪೇರಿಯಾದ ಮೇಲೆ ಟ್ರಾಲಿ ಹೋಯಿತು, ಕಲ್ಲುಗಳು ರಸ್ತೆಯಲ್ಲೇ ಉಳಿದವು. ನಮ್ಮ ಕಡೆ ಕಲ್ಲು ಇಡುವವರಿದ್ದಾರೆ, ತೆಗೆಯುವವರಿಲ್ಲ. ಮಂಕು ಲೈಟಿಗೆ ಅವು ಕಾಣಲಿಲ್ಲ.

ಜಾಲಿಕಂಟಿಯ ಹಿಂದಿನ ತಗ್ಗಿನಲ್ಲಿ ಬಿದ್ದವನು ರಸ್ತೆಗೆ ಹೋಗುವ ಯಾರಿಗೂ ಕಾಣುವಂತಿರಲಿಲ್ಲ. ಮರುದಿನ ಮಧ್ಯಾಹ್ನ ಕುರಿ ಕಾಯುವವರು ನೋಡಿದರು. ಆಗಿನ್ನೂ ಉಸಿರಿತ್ತು. ಯಾರದೋ ಜೀಪಿನಲ್ಲಿ ಹಾಕಿ ಬಸವಕಲ್ಯಾಣದ ದವಾಖಾನೆಗೆ ಒಯ್ದರು. ಮೋಟರ್‌ಸೈಕಲ್ಲಿನ ಮೇಲಿದ್ದ ಅಂಗಡಿಯ ಹೆಸರು ನೋಡಿ ಫೋನು ಮಾಡಿಸಿದರು. ನಾನು, ವೈನಿ, ಸಾವಕಾರರು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಡಾಕ್ಟರು ನನ್ನನ್ನು ಬದಿಗೆ ಕರೆದು, "ಮುಂಜಾನೆ ಸಿಕ್ಕಿದ್ರ ನೋಡಬಹುದಿತ್ತು," ಎಂದರು. ಅವನ ಬೆರಳುಗಳ ಉಗುರಲ್ಲಿ ಮಣ್ಣು ತುಂಬಿತ್ತು. ರಸ್ತೆಯ ಕಡೆಗೆ ತೆವಳಲು ನೋಡಿದ್ದನಂತೆ. ಅದನ್ನು ವೈನಿಗೆ ಹೇಳಬೇಡಿ ಎಂದು ಕುರಿಯವರ ಕೈ ಹಿಡಿದು ಬೇಡಿಕೊಂಡೆ. ಅವಳು ಆಗಲೇ ನೋಡಿದ್ದಳು.

ಅಣ್ಣನ ಮಣ್ಣಾದ ಮೇಲೆ ಸಾವಕಾರರು ಉಳಿದ ಗಾಡಿಗಳಿಗೆ ಹೊಸ ನಿಂಬೆಹಣ್ಣು ಕಟ್ಟಿಸಿದರು. ಅದನ್ನು ನೋಡಿ ನನ್ನ ಮೈಯೆಲ್ಲ ಉರಿದುಹೋಯಿತು.

"ಸಾವಕಾರ್ರ, ಇನ್ನ ಮ್ಯಾಲೆ ಹೋಗಾವ್ರಿಗಿ ಎಲ್ಲಿಗಿ ಅಂತ ಕೇಳ್ರಿ."

"ಹೊಂಟ ಮನಷ್ಯಾಗ ಹಂಗ ಕೇಳಬಾರದಪ್ಪ. ಕೆಲಸ ಕೆಡ್ತದ."

"ಇನ್ನೇನು ಕೆಡೂದು ಉಳದದರಿ?"

ಅವರು ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡು ಒಳಗೆ ಹೋದರು. ಅತ್ತಿರಬೇಕು. ಅವರ ಅಳುವನ್ನು ಕಟ್ಟಿಕೊಂಡು ನನಗೇನು?

ಕೆಲ ದಿನಗಳಾದ ಮೇಲೆ ಅವರೇ ವೈನಿಯನ್ನು ಕರೆದು ಅಂಗಡಿಯಲ್ಲಿ ಫೋನಿನ ಹತ್ತಿರ ಕೆಲಸಕ್ಕೆ ಕೂಡಿಸಿದರು. ಆ ಕುರ್ಚಿ ಬಾಗಿಲಿಗೆ ಎದುರಾಗಿತ್ತು. ಮೊದಲನೆಯ ದಿನವೇ, ಹಣೆಗೆ ವಿಭೂತಿ ಹಚ್ಚಿಸಿಕೊಂಡು ಹೊರಬೀಳುತ್ತಿದ್ದವನನ್ನು ಅವಳು ನೇರವಾಗಿ ಕೇಳಿದಳು: "ಎಲ್ಲಿಗಿ?" ಅಪಶಕುನವೆಂದು ಅವನು ತಿರುಗಿ ಬಂದು, ನೀರು ಕುಡಿದು, ಮತ್ತೆ ಹೊರಟ. ಅವಳು ಮತ್ತೆ ಕೇಳಿದಳು. ಕೆಲವರು ಗೋದಾಮಿನ ಹಿಂಬಾಗಿಲಿಂದ ಹೋಗತೊಡಗಿದರು. ಅವಳು ಆ ಬಾಗಿಲಿಗೆ ಕೀಲಿ ಹಾಕಿಸಿದಳು. ಬಾಯಿಸತ್ತ ಹೆಂಗಸು ಎಂದುಕೊಂಡಿದ್ದವರೆಲ್ಲ ಬಾಯಿ ಮುಚ್ಚಿಕೊಂಡು ಊರಿನ ಹೆಸರು, ಹೋಗುವ ಹಾದಿ ಹೇಳುವುದನ್ನು ಕಲಿತರು. ಕತ್ತಲಾಗುವ ಮೊದಲು ಊರಲ್ಲಿ ಸಿಕ್ಕ ಫೋನಿನಿಂದ ಒಂದು ಮಾತು ತಿಳಿಸಲೇಬೇಕು. ತಿಳಿಸದಿದ್ದರೆ ಆ ಹಾದಿಗೆ ಒಬ್ಬನನ್ನು ಅಟ್ಟುತ್ತಿದ್ದಳು.

ಕೆಲವು ವರ್ಷಗಳಲ್ಲಿ ಎಲ್ಲರ ಕಿಸೆಗೂ ಮೊಬೈಲು ಬಂತು. ಇನ್ನು ಈ ಕೇಳುವ ಕೆಲಸ ಮುಗಿಯಿತು ಎಂದುಕೊಂಡೆ. ಎಲ್ಲಿ ಮುಗಿಯುತ್ತದೆ! ಮೊದಲು ಹೋಗುವಾಗ ಮಾತ್ರ ಇಲ್ಲೇ ಅನ್ನುತ್ತಿದ್ದವರು ಈಗ ಎಲ್ಲೋ ನಿಂತು ಫೋನಿನಲ್ಲೂ "ಇಲ್ಲೇ ಅದೀನಿ, ಬಂದೆ" ಅನ್ನತೊಡಗಿದರು.

ಒಂದು ಬೆಳಿಗ್ಗೆ ನಾನು ಅವಸರದಲ್ಲಿದ್ದೆ. ಮೋಟರ್‌ಸೈಕಲ್ಲಿನ ಚಾವಿ ವೈನಿಯ ಮೇಜಿನ ಮೇಲಿತ್ತು. ಅವಳು ತಲೆ ಎತ್ತದೆ, "ಎಲ್ಲಿಗಿ ತಮ್ಮಾ?" ಎಂದಳು. ನಾನು ಚಾವಿಗೆ ಕೈಚಾಚಿ, ಹುಟ್ಟಿದಾಗಿನಿಂದ ಬಾಯಿಗೆ ಅಂಟಿದ್ದ ಮಾತನ್ನೇ ಆಡಿಬಿಟ್ಟೆ.

"ಇಲ್ಲೇ, ವೈನಿ."

ಅವಳು ಚಾವಿಯ ಮೇಲೆ ಅಂಗೈ ಇಟ್ಟಳು.

"ಆ ಊರು ಎಲ್ಲಿ ಅದ ಹೇಳು," ಎಂದಳು. "ಒಂದಿನ ಮುಂಜಾನಿಂದ ಅದನ್ನೇ ಹುಡುಕೀನಿ. ಸಿಗಲಿಲ್ಲ."